ಮರಳುನಾಡಿನ ಘಾಟಿಯೂ ನನ್ನ ದೋಸೆಹಿಟ್ಟೂ

ಲಂಡನ್ನಿನ ರೇನರ್ಸ್ ಲೇನಿನ ದಿನಸಿ ಅಂಗಡಿಯ ಪಾರ್ಕಿಂಗಿನಲ್ಲಿ ಒಂದು ಕಂಬ ನಮ್ಮ ಕಾರಿಗೆ ಬಂದು ಉಜ್ಜಿತು. (ಕಂಬವೇ ಬಂದದ್ದು. ನಾನು ಇವತ್ತಿಗೂ ಹಾಗೆಯೇ ಹೇಳುವುದು.) ಅಂದಿನಿಂದ ನಮ್ಮವರು, ಅಂದರೆ ನನ್ನ ಪತಿ ಸಂಪತ್, ಕಾರಿನ ಕೀಯನ್ನು ಕುಲದೇವರ ಒಡವೆಯ ಹಾಗೆ ಕಿಸೆಯಲ್ಲೇ ಕಾಪಾಡತೊಡಗಿದರು. ಕೊತ್ತಂಬರಿ ಸೊಪ್ಪು ತರಲಿಕ್ಕೂ ನಾನು ಅವರ ಮುಖ ನೋಡಬೇಕು. ಲಂಡನ್ನಿನಲ್ಲಿ ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದ ಹೆಂಗಸಿಗೆ ಇದಕ್ಕಿಂತ ಅವಮಾನ ಬೇಕೆ?

ಈ ಬೇಸಿಗೆಗೆ, ಒಳಗೇ ಮಲಗಿ ಅಡುಗೆ ಮಾಡಬಹುದಾದ ಬಾಡಿಗೆ ಕ್ಯಾರವಾನನ್ನು ಕಾರಿನ ಹಿಂದೆ ಕಟ್ಟಿಕೊಂಡು, ಸ್ಪೇನ್ ದಾಟಿ, ಮೊರಾಕೊದ ಮರುಭೂಮಿ ನೋಡಿಬರುವುದೆಂದು ತೀರ್ಮಾನವಾಯಿತು. ದಾರಿಯಲ್ಲಿ ಅಟ್ಲಾಸ್ ಪರ್ವತದ ಘಾಟಿ.

"ಆ ಘಾಟಿಯಲ್ಲಿ ನಾನೇ ಕಾರು ಬಿಡುದು" ಎಂದೆ.

ಅವರು ನಕ್ಕರು. "ಅಲ್ಲಿಯ ಕಂಬಗಳಿಗೆ ಮೊದ್ಲೇ ಹೇಳಿ ಕಳಿಸ್ಬೇಕು ಮಾರಾಯ್ತಿ."

"ಹಾಗಾದ್ರೆ ಪಂಥ. ಬುಡದಿಂದ ತುದಿಯವರೆಗೆ ಎಲ್ಲಿಯೂ ನಿಲ್ಲಿಸದೆ ಹತ್ತಿಸ್ತೇನೆ. ಹತ್ತಿಸಿದ್ರೆ ಕೀ ನಂದು. ನಡುವೆ ನಿಲ್ಲಿಸಿದ್ರೆ ಈ ಜನ್ಮದಲ್ಲಿ ಸ್ಟೇರಿಂಗ್ ಮುಟ್ಟುದಿಲ್ಲ."

ಘಾಟಿಯ ಹಿಂದಿನ ಸಂಜೆ ಕ್ಯಾಂಪಿನಲ್ಲಿ ಮಿಕ್ಸಿ ಹಾಕಿ ದೋಸೆಗೆ ರುಬ್ಬಿದೆ. (ಉಡುಪಿಯವರು ಮರುಭೂಮಿಗೆ ಹೋದರೆಂದು ಬೆಳಗಿನ ತಿಂಡಿ ಬಿಡುವುದುಂಟೆ?) ಲಂಡನ್ನಿನ ಚಳಿಯಲ್ಲಿ ಹಿಟ್ಟು ಹುಳಿ ಬರಿಸುವುದೆಂದರೆ ಭಗೀರಥ ಪ್ರಯತ್ನ. ಬಿಸಿನೀರಿನ ಬಾಯ್ಲರಿನ ಕಪಾಟಿನಲ್ಲಿಟ್ಟು, ಕಂಬಳಿ ಹೊದೆಸಿ, ಬಾಣಂತಿಯ ಹಾಗೆ ಆರೈಕೆ ಮಾಡಬೇಕು. ಕೈಗೆ ಅದೇ ಅಭ್ಯಾಸ. ಬಕೆಟ್ ತುಂಬ ಹಿಟ್ಟಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಅವರ ರಜಾಯಿ ಸುತ್ತಿ, ಕ್ಯಾರವಾನಿನ ಹಾಸಿಗೆಯ ಮೇಲೆ ಕೂರಿಸಿದೆ. ದೋಸೆ ಘಾಟಿಯ ತುದಿಯಲ್ಲೇ ಎಂದು ಮರುದಿನ ಹೊರಡುವಾಗಲೂ ಬಿಚ್ಚಲಿಲ್ಲ. ಹೊರಗೆ ನಿಮಿಷದಲ್ಲಿ ಹಪ್ಪಳ ಒಣಗುವಂಥ ಬಿಸಿಲಿದೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ಕೆಂಪು ಬೆಟ್ಟಗಳು, ಅವುಗಳ ಸುತ್ತ ಸುತ್ತಿಕೊಂಡ ರಸ್ತೆ. ನಿಸರ್ಗಸೌಂದರ್ಯವನ್ನೆಲ್ಲ ಅವರಿಗೂ ಮಗಳು ಪ್ರೇಕ್ಷಾಳಿಗೂ ಬಿಟ್ಟುಕೊಟ್ಟು ನಾನು ತಿರುವುಗಳನ್ನಷ್ಟೇ ನೋಡಿದೆ. ಅರ್ಧ ಘಾಟಿ ಏರುವಷ್ಟರಲ್ಲಿ ಹಿಂದಿನ ಲಾರಿ ಹಾರ್ನ್ ಹೊಡೆಯತೊಡಗಿತು. ಅದರ ಹಿಂದಿನ ಬಸ್ಸೂ ದನಿಗೂಡಿಸಿತು. ಬೈಕಿನವನೊಬ್ಬ ಪಕ್ಕಕ್ಕೆ ಬಂದು ಹಿಂದೆ ಕೈತೋರಿಸಿ ಏನೋ ಕೂಗಿದ.

"ಅಮ್ಮಾ, ದೇ ವಾಂಟ್ ಅಸ್ ಟು ಸ್ಟಾಪ್" ಎಂದಳು ಪ್ರೇಕ್ಷಾ.

"ಒಮ್ಮೆ ನಿಲ್ಲಿಸು ಮಾರಾಯ್ತಿ, ಎಂತದೋ ಆಗಿದೆ" ಎಂದರು ಇವರು.

"ನಿಲ್ಲಿಸಿದ್ರೆ ನೀವು ಗೆದ್ದ ಹಾಗೆ. ನಂಗೆ ಗೊತ್ತಿಲ್ವ? ಹೆಂಗ್ಸು ಗಾಡಿ ಬಿಟ್ರೆ ಲೋಕದಲ್ಲೆಲ್ಲ ಹೊಟ್ಟೆಕಿಚ್ಚು."

ನಾನೂ ಹಾರ್ನ್ ಹೊಡೆದೆ. ಬೈಕಿನವನಿಗೆ ಹೆಬ್ಬೆರಳು ತೋರಿಸಿದೆ. ಎಲ್ಲಿಯೂ ನಿಲ್ಲಿಸದೆ, ಸಾಕ್ಷಾತ್ ಚಾಮುಂಡಿಯ ಹಾಗೆ ತುದಿ ಮುಟ್ಟಿದೆ.

ಕಾರು ನಿಂತದ್ದೇ ಇವರು ಅಭ್ಯಾಸಬಲದಿಂದ ಕೀ ಕಿತ್ತು ಕಿಸೆಗಿಳಿಸಿದರು. ನಾನು ಇಳಿದು ಕ್ಯಾರವಾನಿನ ಬಾಗಿಲು ತೆಗೆದರೆ ಹಿಟ್ಟು ನನ್ನನ್ನು ದಾಟಿ ಕೆಳಗಿಳಿಯಿತು. ರಜಾಯಿ, ಹಾಸಿಗೆ, ಇವರ ಚಪ್ಪಲಿ ಎಲ್ಲವೂ ಹಿಟ್ಟುಮಯ. ಬಾಗಿಲ ಸಂದಿಯಿಂದ ಸೋರಿದ್ದು ತಿರುವು ತಿರುವಿನಲ್ಲೂ ರಸ್ತೆಗೆ ಬಿಳಿ ಗೆರೆ ಎಳೆದಿತ್ತು. ಹಿಂದೆಯೇ ಬಂದು ನಿಂತ ಲಾರಿಯವನ ಗಾಜಿನ ಮೇಲೆ ಅದಾಗಲೇ ಒಣಗಿ ಗರಿಗರಿಯಾಗಿತ್ತು.

"ಅಮ್ಮಾ, ಯು ಪೇಂಟೆಡ್ ದ ಮೌಂಟನ್" ಎಂದಳು ಮಗಳು.

ಲಾರಿಯವನ ಗಾಜನ್ನು ನಾನೇ ಒರೆಸಿಕೊಟ್ಟೆ. ಆದರೆ ಸೋಲೊಪ್ಪಲಿಲ್ಲ. "ಪಂಥ ಕಟ್ಟಿದ್ದು ಗಾಡಿಗೆ. ಹಿಟ್ಟಿನ ಮಾತೇ ಬಂದಿರ್ಲಿಲ್ಲ. ತೆಗೀರಿ ಕೀ."

ಅವರು ಕೂಡಲೇ ಕಿಸೆಯಿಂದ ಕೀ ತೆಗೆದು ಕೊಟ್ಟರು. ಅಷ್ಟು ಸುಲಭವಾಗಿ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಲಂಡನ್ನಿಗೆ ಮರಳಿದ ವಾರವೇ ಊರವರ ಕೂಟದಲ್ಲಿ ಇವರು ಎದ್ದುನಿಂತು ಸಾರಿದರು: "ನಮ್ಮ ಪ್ರಭಾ ಅಟ್ಲಾಸ್ ಹತ್ತಿಸಿದವಳು. ಅವಳಿಗೆ ಹೀಥ್ರೋ ಏರ್‌ಪೋರ್ಟ್ ಎಲ್ಲ ಒಂದು ಲೆಕ್ಕವಾ?" ಚಪ್ಪಾಳೆಯೋ ಚಪ್ಪಾಳೆ. ನಾನೂ ಉಬ್ಬಿದೆ. ಅಲ್ಲಿಂದ ಶುರು. ಹೇಸ್‌ನಿಂದ ಎಜ್‌ವೇರ್‌ವರೆಗೆ ಯಾರ ಮನೆಗೆ ಅತ್ತೆ ಬರಲಿ, ಮಾವ ಹೊರಡಲಿ, ಫೋನು ನನಗೆ. ಮೊದಲು ಈ ಸಮಾಜಸೇವೆಯೆಲ್ಲ ಇವರ ತಲೆಯ ಮೇಲಿತ್ತು.

ಮೊನ್ನೆ ಭಾನುವಾರ ಬೆಳಗಿನ ಜಾವ ಜಾಕೆಟ್ ಹಾಕಿಕೊಳ್ಳುತ್ತಾ ಗೊಣಗಿದೆ. ಹೊದಿಕೆಯೊಳಗಿಂದ ಸುಖದ ಸ್ವರವೊಂದು ಬಂತು: "ಕಷ್ಟ ಆದ್ರೆ ಕೀ ವಾಪಸ್ ಕೊಡು ಮಾರಾಯ್ತಿ."

"ಸತ್ರೂ ಕೊಡುದಿಲ್ಲ" ಎಂದು ಗದರಿ, ನಾನು ಮುಖವನ್ನೇ ಕಂಡಿರದ ಯಾರದೋ ಚಿಕ್ಕಮ್ಮನನ್ನು ಕರೆತರಲು ಹೊರಟೆ.