ಬೀಗ ಹಾಕಿದ್ರಾ?

ಎಲ್ಲಕ್ಕೂ ಕಾರಣ ಒಂದು ಬೀಗ. ಉಯ್ಯಂಬಳ್ಳಿಯ ನೆಂಟರ ಮದುವೆಗೆ ಹೊರಟ ದಿನ ಆಟೊದಲ್ಲಿ ಕೂತ ಲತಾಮಣಿ ಗಂಡನನ್ನು ಮೂರು ಸಲ ಕೇಳಿದ್ದಳು, "ಬೀಗ ಹಾಕಿದ್ರಾ?" ಅನಂತರಾಜು ಮೂರು ಸಲವೂ "ಹಾಕ್ದೆ ಕಣೇ" ಅಂದಿದ್ದ.

ಮರುದಿನ ಸಾತನೂರಿಗೆ ವಾಪಸು ಬಂದಾಗ ಲತಾಮಣಿ ಡೈರಿ ಮುಂದೆ ಯಾರೊಂದಿಗೋ ಮಾತಿಗೆ ನಿಂತಳು. ಅನಂತರಾಜು ಒಬ್ಬನೇ ಮನೆ ತಲುಪಿ ನೋಡಿದರೆ ಬಾಗಿಲು ಅರೆ ತೆರೆದಿತ್ತು. ಬೀಗ ಒಂದು ಗೀರೂ ಇಲ್ಲದೆ, ಬಾಯಿ ಬಿಟ್ಟುಕೊಂಡು ಚಿಲಕಕ್ಕೆ ನೇತಾಡುತ್ತಿತ್ತು. ಒಳಗೆ ಲತಾಮಣಿಯ ತವರಿನ ಹಿತ್ತಾಳೆ ಹಂಡೆ ಇರಲಿಲ್ಲ.

ಬೀಗ ಒತ್ತುವುದನ್ನೇ ಮರೆತಿದ್ದೇನೆ ಎಂದು ಅವನಿಗೆ ಖಾತ್ರಿಯಾಯಿತು. ಕಳ್ಳನ ಭಯಕ್ಕಿಂತ ಹೆಂಡತಿಯ ಭಯ ದೊಡ್ಡದು. ಅಂಗಳದ ಗುಂಡುಕಲ್ಲೆತ್ತಿ ಬೀಗವನ್ನು ಚೆನ್ನಾಗಿ ಜಜ್ಜಿದ. ಆಮೇಲೆ, "ಅಯ್ಯೋ, ಕಳ್ಳ ನುಗ್ಗವ್ನೆ ಕಣೇ!" ಎಂದು ಕೂಗಿಕೊಂಡ.

ಕಳ್ಳ ಲೋಕೇಶ ಹಂಡೆ ಸಮೇತ ಸಿಕ್ಕಿಬಿದ್ದು ಜೈಲು ಸೇರಿ ನಾಲ್ಕು ತಿಂಗಳಾಗಿತ್ತು. ಇವತ್ತು ಕನಕಪುರದ ಕೋರ್ಟಿನಲ್ಲಿ ಅವನ ವಿಚಾರಣೆ. ನೋಡಲು ಪಕ್ಕದ ಮನೆಯ ಬೈರಪ್ಪನೂ ಜೊತೆಗೆ ಬಸ್ಸು ಹತ್ತಿದ್ದ.

"ಆ ಬೀಗ ನೋಡ್ಬೇಕಿತ್ತು ನೀವು!" ಎಂದು ಅವನು ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತಿದ್ದ. "ಹಪ್ಪಳ ಆಗೋಗಿತ್ತು. ರಾಕ್ಷಸ ಕಣ್ರಪ್ಪಾ ಒಡ್ದೋನು!"

"ಅವ್ನ ಕೈ ಸೇದೋಗ!" ಎಂದಳು ಲತಾಮಣಿ.

ಅನಂತರಾಜು ಎರಡೂ ಕೈಗಳನ್ನು ಮೆಲ್ಲಗೆ ತೊಡೆಯ ಕೆಳಗೆ ಇಟ್ಟುಕೊಂಡ.

ಕೋರ್ಟಿನ ಮೇಜಿನ ಮೇಲೆ ಚೀಟಿ ಕಟ್ಟಿದ ಹಂಡೆ, ಪಕ್ಕದಲ್ಲಿ ಜಜ್ಜಿದ ಬೀಗ. ಕಟಕಟೆಯಲ್ಲಿ ಲೋಕೇಶ ಸೊಪ್ಪು ಕೊಯ್ದ ಹಿಪ್ಪುನೇರಳೆ ಕಡ್ಡಿಯಂತೆ ನಿಂತಿದ್ದ.

"ಹಂಡೆ ಕದ್ದಿದ್ದು ನಿಜ ಮೇಡಂ. ಅದ್ಕೆ ಏನ್ ಶಿಕ್ಷೆ ಬೇಕಾದ್ರೂ ಕೊಡಿ. ಆದ್ರೆ ಬೀಗಕ್ಕೆ ಕಲ್ಲೆತ್ತಾಕೋ ಅಂತಾ ಕೆಲ್ಸ ನಂದಲ್ಲ," ಎಂದ ಅವನು, ಮಾನ ಹೋದವನಂತೆ.

"ಕಳ್ಳನ್ಗೂ ಮರ್ವಾದೆ ನೋಡ್ಲಾ!" ಎಂದು ಹಿಂದಿನಿಂದ ಬೈರಪ್ಪ ಪಿಸುಗುಟ್ಟಿದ.

ಬರೀ ಕಳ್ಳತನ ಬೇರೆ, ಬೀಗ ಮುರಿದು ಮನೆಗೆ ನುಗ್ಗಿದ್ದು ಬೇರೆ, ಎರಡನೆಯದಕ್ಕೆ ಶಿಕ್ಷೆ ವರ್ಷಗಟ್ಟಲೆ ಹೆಚ್ಚು ಎಂದು ಸರ್ಕಾರಿ ವಕೀಲರು ವಿವರಿಸಿದರು. ಆಮೇಲೆ ಅನಂತರಾಜುವನ್ನು ಸಾಕ್ಷಿ ಕಟ್ಟೆಗೆ ಹತ್ತಿಸಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿ ಕೇಳಿದರು:

"ಬೀಗ ಹಾಕಿದ್ರಾ?"

ಅನಂತರಾಜು ಹೆಂಡತಿಯನ್ನು ನೋಡಿದ. ಕಡ್ಡಿಯಂಥ ಲೋಕೇಶನನ್ನು ನೋಡಿದ. ತನ್ನ ಒಂದು ಸುಳ್ಳಿಗೆ ಇವನು ವರ್ಷಗಟ್ಟಲೆ ಕೊಳೆಯಬೇಕೆ?

"ಇಲ್ಲ ಸ್ವಾಮಿ. ಮರ್ತಿದ್ದೆ. ಕಲ್ಲಲ್ಲಿ ಜಜ್ಜಿದ್ದು ನಾನೇಯ... ಮನೆಯೋಳ ಭಯಕ್ಕೆ."

ಕೋರ್ಟು ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬೈರಪ್ಪ. ಲತಾಮಣಿ ಮಾತ್ರ ನಗದೆ ಸೆರಗನ್ನು ಮುಖದ ಮೇಲೆಳೆದುಕೊಂಡಳು.

"ನಿಮ್ಮ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟೋಕೆ ನಾಚಿಕೆ ಆಗಲ್ವಾ?" ಎಂದರು ನ್ಯಾಯಾಧೀಶೆ.

"ಆಯ್ತದೆ ಮೇಡಂ," ಎಂದ ಅನಂತರಾಜು ತಲೆ ತಗ್ಗಿಸಿ.

ಬೀಗ ಮುರಿದ ಆರೋಪ ಬಿದ್ದುಹೋಯಿತು. ಕಳ್ಳತನಕ್ಕೆ, ಜೈಲಿನಲ್ಲಿ ಈಗಾಗಲೇ ಕಳೆದ ನಾಲ್ಕು ತಿಂಗಳೇ ಶಿಕ್ಷೆಯೆಂದು ತೀರ್ಪಾಯಿತು.

ಲತಾಮಣಿ ಬೈರಪ್ಪನ ಜೊತೆ ಆಗಲೇ ಬಸ್ಸಿನತ್ತ ನಡೆದಿದ್ದಳು. ಹೊರಗೆ ಹೊಂಗೆ ಮರದ ಕೆಳಗೆ ಅನಂತರಾಜು ಒಬ್ಬನೇ ನಿಂತಿದ್ದ. ಬಿಡುಗಡೆಯ ಕಾಗದಪತ್ರಕ್ಕೆಂದು ಲೋಕೇಶನನ್ನು ಜೈಲಿಗೆ ಕರೆದೊಯ್ಯುತ್ತಿದ್ದ ಪೇದೆ ಜೀಪಿನ ಬಾಗಿಲು ತೆಗೆಯಲು ಎರಡು ಹೆಜ್ಜೆ ಮುಂದೆ ಹೋದ. ಲೋಕೇಶ ಕೈಮುಗಿದು ಹತ್ತಿರ ಬಂದ.

"ನಿಮ್ಮ ಉಪಕಾರ ಮರೆಯಾಕಿಲ್ಲ ಅಣ್ಣ. ಆದ್ರೂ ಒಂದ್ ಮಾತು," ಎಂದು ದನಿ ತಗ್ಗಿಸಿದ. "ನೀವು ಬೀಗ ಸರಿಯಾಗೇ ಹಾಕಿದ್ರಿ. ತಂತೀಲಿ ಒಸಿ ತಡಕಾಡ್ದೆ, ಬಂದ್ಬುಡ್ತು. ಒಂದ್ ಗೀರೂ ಬೀಳ್ದಂಗೆ ತೆಗ್ದು ಚಿಲ್ಕಕ್ಕೇ ತಗಲಾಕಿದ್ದೆ. ಅಂತಾ ಬೀಗಾನ ಹಂಗಾ ಜಜ್ಜೋದು?"

ಅನಂತರಾಜು ಓಡಿದ. ಸಾತನೂರಿನ ಬಸ್ಸು ಹೊರಡುವುದರಲ್ಲಿತ್ತು. ಹತ್ತಿದವನೇ ಏದುಸಿರು ಬಿಡುತ್ತಾ ಕೂಗಿದ, "ಲತಾ, ನಾನು ಬೀಗ ಹಾಕಿದ್ದೆ ಕಣೇ!"

ಇಡೀ ಬಸ್ಸು ತಿರುಗಿ ನೋಡಿತು. ಅಷ್ಟರಲ್ಲಾಗಲೇ ಬೈರಪ್ಪ ಎಲ್ಲರಿಗೂ ಕತೆ ಹೇಳಿ ಮುಗಿಸಿದ್ದ.

ಲತಾಮಣಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಅಷ್ಟು ಜನದ ಮುಂದೆ ಮಾನ ಕಳೆದಿದ್ದಾಯ್ತು," ಎಂದಳು. "ಇನ್ನಾದ್ರೂ ಸುಳ್ಳು ಹೇಳೋದ್ ಬುಡಿ."