ಅಳಿಯ ಬಳಿದ ಬಸ್ಸಿನ ದಾರಿ

ರಸ್ತೆಗೆ ಪಟ್ಟೆ ಬಳಿಯುವ ಬಣ್ಣದಪ್ಪ ಆ ವಾರವೆಲ್ಲ ನೆಲಕ್ಕಿಂತ ಒಂದು ಗೇಣು ಮೇಲೆಯೇ ನಡೆಯುತ್ತಿದ್ದ. ಸುಮ್ಮನೆಯೇ? ನಗರದ ಮೊಟ್ಟಮೊದಲ ಬಸ್ ಪಥ, ಬಸ್ಸು ಬಿಟ್ಟು ಮಿಕ್ಕ ಯಾವ ಗಾಡಿಯೂ ಚಕ್ರ ಇಡಬಾರದ ಆ ಕೆಂಪು ದಾರಿ, ಅವನ ಕೈಯ ಕೆಲಸ!

"ಜಗತ್ತಿನ ದೊಡ್ಡ ದೊಡ್ಡ ಊರುಗಳಲ್ಲೆಲ್ಲ ಬಸ್ಸಿಗೆ ಬೇರೆ ದಾರಿ ಇದೆ ಕಣೇ. ಆದ್ರೆ ನನ್ನ ಗೆರೆಯಷ್ಟು ನೆಟ್ಟಗಿರೋದು ಎಲ್ಲೂ ಇಲ್ಲ."

"ನೀವು ಯಾವ ದೊಡ್ಡ ಊರು ನೋಡಿ ಬಂದ್ರಿ?" ಎಂದಳು ಹೆಂಡತಿ.

"ನೋಡಲೇಬೇಕಾ? ಊಹೆ ಮಾಡಿದ್ರೆ ಸಾಲದಾ?"

ಆದರೆ ಊರೆಲ್ಲ ಹೊಗಳಿದರೇನು, ಮಾವ ಹೊಗಳಬೇಕಲ್ಲ! ಮಾವ ದರ್ಜಿ. ಆಯುಷ್ಯವೆಲ್ಲ ಹೊಲಿಗೆ ನೋಡಿದ ಕಣ್ಣು. ಓರೆ ಕಂಡರೆ ಊಟ ಸೇರದು. (ಮದುವೆಯಲ್ಲಿ ಅಳಿಯನ ಮುಖಕ್ಕಿಂತ ಮೊದಲು ಅಂಗಿಯ ಅಂಚು ನೋಡಿ ನಿಟ್ಟುಸಿರು ಬಿಟ್ಟ ಮಹಾನುಭಾವರು.) ಅವರ ಬಾಯಿಂದ "ಚೆನ್ನಾಗಿದೆ" ಎಂಬ ಒಂದು ಮಾತು ಹೊರಡಿಸಲೇಬೇಕೆಂದು ಬಣ್ಣದಪ್ಪ ಹೆಂಡತಿಯೊಡನೆ ಹೋಗಿ, ಊರಿನ ಆ ತುದಿಯಿಂದ ಅವರನ್ನು ಬಸ್ಸು ಹತ್ತಿಸಿಕೊಂಡು ಬಂದ.

"ಮಾವ, ರೆಪ್ಪೆ ಮುಚ್ಚಬೇಡಿ. ಈಗ ಬರುತ್ತೆ!"

ಬಂತು. ಪಕ್ಕದಲ್ಲಿ ಕಾರುಗಳು ಬೇರು ಬಿಟ್ಟು ನಿಂತಿದ್ದವು. ಒಬ್ಬನಿಗಂತೂ ಕಾದು ಕಾದು ಎದೆಮಟ್ಟದ ಗಡ್ಡ ಬೆಳೆದಿತ್ತು. ಬಸ್ಸು ಬಿಲ್ಲು ಬಿಟ್ಟ ಬಾಣವಾಯಿತು.

"ಎಲ್ಲಪ್ಪಾ ಗೆರೆ?"

"ಅದೇ ಮಾವ, ಅ... ಹೋಯ್ತು."

ಬಣ್ಣದಪ್ಪ ಎದ್ದು ಓಡಿದ. "ಡ್ರೈವರಣ್ಣ, ಸ್ವಲ್ಪ ನಿಧಾನ! ನಮ್ಮ ಮಾವ ಗೆರೆ ನೋಡಬೇಕು."

"ಜನ್ಮದಲ್ಲಿ ಮೊದಲನೇ ಸಲ ಖಾಲಿ ದಾರಿ ಸಿಕ್ಕಿದೆ. ಸುಮ್ನೆ ಹೋಗಿ ಕೂತ್ಕೊಳ್ಳಯ್ಯಾ!"

ಕೊನೆಗೆ ಮೂವರೂ ಇಳಿದು ಫುಟ್‌ಪಾತಿನಲ್ಲಿ ನಿಂತರು. ಅಲ್ಲೂ ಫಜೀತಿ. ಒಂದು ಬಸ್ಸಿನ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಕೆಂಪು ಎಳ್ಳಷ್ಟೂ ಕಾಣಲೊಲ್ಲದು.

"ಬಣ್ಣ ಬಳಿದಿರೋದು ನಿಜ ತಾನೇ?" ಎಂದು ಹೆಂಡತಿ ಮೆಲ್ಲಗೆ ಚುಚ್ಚಿದಳು.

ಅಷ್ಟರಲ್ಲಿ ಎರಡು ಬಸ್ಸುಗಳ ನಡುವೆ ಒಂದಿಷ್ಟು ಬಿಡುವು ಸಿಕ್ಕಿತು. ಮಾವ ಕನ್ನಡಕ ಏರಿಸಿ, ಬಗ್ಗಿ, ಸೂಜಿಗೆ ದಾರ ಪೋಣಿಸುವವರಂತೆ ಒಂದು ಕಣ್ಣು ಮುಚ್ಚಿ ಗೆರೆಯ ಉದ್ದಕ್ಕೂ ನೋಡಿದರು. 

"ಚೆನ್ನಾಗಿದೆ," ಎಂದರು.

ಬಣ್ಣದಪ್ಪನ ಕಣ್ಣಲ್ಲಿ ಒಂದು ಬಕೆಟ್ಟು ನೀರು ತುಂಬಿತು.

"ಎಷ್ಟು ಚೆನ್ನಾಗಿದೆ ಅಂದ್ರೆ ಅಳಿಯಂದ್ರೇ, ಇಷ್ಟು ದಿನ ದಾರೀಲೇ ಅರ್ಧ ದಿನ ಹಾಳು ಅಂತ ನಿಮ್ಮನೆ ಕಡೆ ತಲೆ ಹಾಕ್ತಿರಲಿಲ್ಲ. ಇನ್ಮೇಲೆ ದಿನಾ ಬರ್ತೀನಿ."

"ಬಾ ಅಪ್ಪಾ, ಬಾ!" ಎಂದು ಹೆಂಡತಿ ಕುಣಿದಳು.

ಮರುದಿನ ಬಣ್ಣದಪ್ಪ ಹಲ್ಲುಜ್ಜುವ ಮೊದಲೇ ಕದ ತಟ್ಟಿದ ಸದ್ದಾಯಿತು. ತೆಗೆದರೆ, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ಮಾವ! ಅವರು ಬಾಗಿಲ ಚೌಕಟ್ಟು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಕೊನೆಗೆ ಅಳಿಯನ ತಲೆ ನೋಡಿ ನಿಟ್ಟುಸಿರು ಬಿಟ್ಟರು.

"ಬೈತಲೆ ಸೊಟ್ಟಗಿದೆಯಲ್ಲಪ್ಪಾ."

ಬಣ್ಣದಪ್ಪ ತಲೆ ಬಗ್ಗಿಸಿದ. ಆದರೂ ಎದೆಯುಬ್ಬಿಸಿ ಕೇಳಿಯೇ ಬಿಟ್ಟ: "ಎಷ್ಟು ಬೇಗ ಬಂದ್ರಿ, ಅಲ್ವಾ ಮಾವ?"