ಜೋಡಿ ಸೀನಿನ ಮಹಾಸಮರ

ಕಲಿಯುಗದ ಪ್ರಥಮಪಾದದಲ್ಲಿ, ತುಮಕೂರೆಂಬ ಪತ್ತನದಲ್ಲಿ, ಲಶುನಲೇಹ್ಯಲಂಪಟನೂ ಆಮಲಕಚರ್ವಣಧುರಂಧರನೂ ನಿತ್ಯಹರಿದ್ರಾಕ್ಷೀರಪಾನಪರಾಯಣನೂ ಆದ ವೀರನೊಬ್ಬನಿದ್ದನು. ಎಲೈ ವಾಗ್ದೇವಿಯೇ, ಅವನ ಮೂಗಿನ ಮಹಿಮೆಯನ್ನು ಹಾಡಲು ಬಾಯಿ ಕೊಡು; ನಾಚಿಕೆ ಬೇಡ, ಆ ವೀರ ನಾನೇ.

ಪತ್ರಿಕೆಯೊಂದರ ಆರೋಗ್ಯಪುಟವನ್ನು ಓದಿದಂದಿನಿಂದ, ನೆಗಡಿಯನ್ನು ಗೆಲ್ಲಲು ನಲವತ್ತು ದಿನಗಳ ಘೋರವ್ರತ. ಮೊಸರುಂಡು ಕರುಳಿನ ಸೂಕ್ಷ್ಮಾಣುಗಳನ್ನು ಸೇನೆಗೆ ಸೇರಿಸಿದೆ. ನೆಲ್ಲಿಕಾಯಿ ಜಗಿದು ಬಿಳಿ ರಕ್ತಕಣಗಳ ಕೈಗೆ ಖಡ್ಗ ಕೊಟ್ಟೆ. ಹೀಗಿರಲು ಒಂದು ಶುಕ್ರವಾರ, ಹನ್ನೊಂದು ಸಂಬಂಧ ತಪ್ಪಿದ್ದ ನನ್ನ ಭಾವಮೈದುನ ಗಿರಿಜಾಪತಿಗೆ ಹನ್ನೆರಡನೆಯ ಹೆಣ್ಣು ನೋಡಲು ಎಲ್ಲರೂ ಹೊರಟು ನಿಂತರು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸಿಲು ದಾಟಬೇಕು.

ನಾನಾದರೋ ಹೊಸಿಲ ಬಳಿಯೇ ಕೂತು, ಕುಟ್ಟಾಣಿಯಲ್ಲಿ ಕಷಾಯದ ಕಾಳುಮೆಣಸು ಜಜ್ಜುತ್ತ ಗರ್ಜಿಸಿದೆ: “ಎಲವೋ ನೆಗಡಿಯೇ! ಧೈರ್ಯವಿದ್ದರೆ ಈ ವಜ್ರನಾಸಿಕನ ಮುಂದೆ ಬಾ!”

“ಆಕ್ಷೀ!”

ದಿಗ್ಗಜಗಳು ನಡುಗಿದವು. ಗಿರಿಜಾಪತಿ ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು.

“ಒಂಟಿ ಸೀನು! ಇನ್ನು ಹೊರಡೋ ಹಾಗಿಲ್ಲ,” ಎಂದರು ಅತ್ತೆ ನಂಜಮ್ಮನವರು.

“ಅತ್ತೆ, ಇದು ಮೆಣಸಿನ ಸೀನು, ನೆಗಡೀದಲ್ಲ. ನನ್ನ ರೋಗನಿರೋಧಕ ಶಕ್ತಿ...”

“ಯಾವ್ದಾದ್ರೇನು, ಒಂದೇ ತಾನೆ? ಜೋಡಿಯಾದ್ರೆ ಶುಭ. ಇನ್ನೊಂದು ಸೀನಿಬಿಡಿ ಅಳಿಯಂದಿರೇ.”

ಅಯ್ಯೋ ವಿಧಿಯೇ! ಯಾವ ಸೀನು ಬಾರದಿರಲೆಂದು ಊರ ಬೆಳ್ಳುಳ್ಳಿಯನ್ನೆಲ್ಲ ನುಂಗಿದ್ದೆನೋ, ಅದನ್ನೇ ಕೈಮುಗಿದು ಕರೆದೆ. ಸೂರ್ಯನನ್ನು ದಿಟ್ಟಿಸಿದೆ, ಮೂಗಿಗೆ ಹತ್ತಿಯ ಬತ್ತಿ ತುರುಕಿದೆ. ಮೂಗು ಮೇರುವಿನಂತೆ ನಿಶ್ಚಲ.

“ಬೇಡದಾಗ ಬೀದಿಗೆಲ್ಲ ಕೇಳೋ ಹಾಗೆ ಸೀನ್ತೀರಿ,” ಎಂದಳು ಹೆಂಡತಿ ಕುಮುದಾ. “ಹತ್ತು ಇಪ್ಪತ್ತೇಳಾಯ್ತು ರೀ! ದಿನಾ ಸಾರಿಗೆ ಇದೇ ಮೆಣಸು ಕುಟ್ಟಿದ್ರೆ ಸೀನ್ತಾನೇ ಇರ್ತೀರಿ, ಆಗಿಲ್ಲದ ತಡೆಯೋ ಶಕ್ತಿ ಈಗೆಲ್ಲಿಂದ ಬಂತು?”

ಗಿರಿಜಾಪತಿ ಕುಟ್ಟಾಣಿಯನ್ನೇ ಎತ್ತಿ ನನ್ನ ಮೂಗಿಗೆ ಹಿಡಿದ. “ಭಾವಾ, ಮೂವತ್ತೊಂಬತ್ತು ವರ್ಷ ಆಯ್ತು ನಂಗೆ. ನನ್ನ ಮದುವೆ ನಿಮ್ಮ ಮೂಗಲ್ಲಿದೆ. ಎಳೀರಿ!”

ಆ ದೀನಸ್ವರಕ್ಕೆ ಕರಗಿ, ಕಣ್ಣುಮುಚ್ಚಿ, ವೀರಾವೇಶದಿಂದ ಎಳೆದೆ. ಸಪ್ತಸಾಗರಗಳು ಉಕ್ಕಿದವು. “ಆಕ್ಷೀ!”

“ಜೋಡಿ! ಜೋಡಿ!” ಗಿರಿಜಾಪತಿ ಒಂದೇ ನೆಗೆತಕ್ಕೆ ಹೊಸಿಲು ದಾಟಿ ಕಾರು ಸೇರಿದ.

ವಿಜಯಿಯಾದ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಮೂರನೆಯದು ಬಂತು. ಬೆನ್ನಿಗೇ ನಾಲ್ಕು, ಐದು. ಅತ್ತೆ ಕಿವಿಗೆ ಸೆರಗೊತ್ತಿಕೊಂಡು, “ನಂಗೇನೂ ಕೇಳಿಸ್ಲಿಲ್ಲಪ್ಪ,” ಎನ್ನುತ್ತ ನಡೆದೇಬಿಟ್ಟರು. ಕುಮುದಾ ನನ್ನ ಹಣೆ ಮುಟ್ಟಿದಳು.

“ಜ್ವರ ಬಂದಿದೆ. ಅವರ ಮನೆ ಕೇಸರಿಬಾತ್ ಮೇಲೆ ಸೀನೋದು ಬೇಡ. ಮಲ್ಕೊಳ್ಳಿ.”

ಕಾರು ಹೋಯಿತು. ನಲವತ್ತು ದಿನಗಳ ತಪೋಬಲದ ಮೇಲೆ ಮಂಕಿ ಟೋಪಿ ಎಳೆದುಕೊಂಡು, ವಜ್ರನಾಸಿಕನು ಹಬೆ ತೆಗೆದುಕೊಳ್ಳಲು ನೀರು ಕಾಯಿಸಲಿಟ್ಟನು.